ಹಿಡಿಕೆಯ ಮೇಲಿನ ಸುತ್ತಿಗೆ ಗುರುತು

ಅಡುಗೆಮನೆಯ ಕಪಾಟಿನ ಕೆಲಸ ಮುಗಿಯುವ ಹೊತ್ತಿಗೆ ಮನೆ ಕಟ್ಟಿಸುವವರ ಬಳಿ ದುಡ್ಡೂ ಉಳಿದಿರುವುದಿಲ್ಲ, ತಾಳ್ಮೆಯೂ ಉಳಿದಿರುವುದಿಲ್ಲ. ಗ್ರಾನೈಟ್ ಕಪ್ಪೋ ಬಿಳಿಯೋ, ಪ್ಲೈವುಡ್ ಯಾವ ದರ್ಜೆಯದು, ಲ್ಯಾಮಿನೇಟ್ ಹೊಳೆಯಬೇಕೋ ಬೇಡವೋ ಎಂದು ವಾರಗಟ್ಟಲೆ ವಾದ ಮಾಡಿ ಸುಸ್ತಾದ ಮೇಲೆ ಬಡಗಿ ಒಂದು ಸಂಜೆ ಬಂದು, "ಹ್ಯಾಂಡಲ್ ತಂದುಕೊಡಿ ಸಾರ್, ನಾಳೆ ಹಾಕಿ ಮುಗಿಸಿಬಿಡ್ತೀನಿ" ಅನ್ನುತ್ತಾನೆ. ಅಂಗಡಿಯ ಗೋಡೆಯಲ್ಲಿ ನೂರಾರು ಹಿಡಿಕೆಗಳು ನೇತಾಡುತ್ತಿರುತ್ತವೆ. ಹತ್ತು ನಿಮಿಷದಲ್ಲಿ ಒಂದನ್ನು ತೋರಿಸಿ "ಇದೇ ಇರಲಿ" ಅಂದು ಬಂದುಬಿಡುತ್ತೇವೆ. ಗ್ರಾನೈಟನ್ನು ದಿನಾ ನೋಡುತ್ತೇವೆ, ನಿಜ. ಆದರೆ ಬೆಳಗಿನ ಕಾಫಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಆ ಮನೆಯವರ ಬೆರಳುಗಳಿಗೆ ಅತಿ ಹೆಚ್ಚು ಸಲ ತಗಲುವ ವಸ್ತು ಈ ಹಿಡಿಕೆಯೇ.

ಈಚೆಗೆ ಅಂಗಡಿಗಳಲ್ಲಿ ಒಂದು ಬಗೆಯ ಹಿಡಿಕೆಗೆ ಬೇಡಿಕೆ ಜಾಸ್ತಿ. ಮೈಮೇಲೆ ಸುತ್ತಿಗೆಯ ಪೆಟ್ಟಿನ ಗುರುತು, ಮಾಸಿದ ಹಿತ್ತಾಳೆಯ ಬಣ್ಣ, ತುಸು ಒರಟು ಅಂಚು. ಪೆಟ್ಟಿಗೆಯ ಮೇಲೆ 'ಆಂಟಿಕ್' ಎಂದೋ 'ಹ್ಯಾಂಡ್‌ಕ್ರಾಫ್ಟೆಡ್' ಎಂದೋ ಅಚ್ಚಾಗಿರುತ್ತದೆ. ಅಜ್ಜಿಯ ಮನೆಯ ನೆನಪು ಬರುತ್ತದೆ ಎಂದು ಕೊಳ್ಳುವವರೇ ಹೆಚ್ಚು. ವಿಚಿತ್ರವೆಂದರೆ ಅಜ್ಜಿಯ ಅಡುಗೆಮನೆಯಲ್ಲಿ ಇಂಥ ಹಿಡಿಕೆಯೇ ಇರಲಿಲ್ಲ. ಗೋಡೆಯಲ್ಲಿ ಗೂಡು, ಮೇಲೆ ನಾಗಂದಿಗೆ, ಬೆಕ್ಕಿಗೆ ಸಿಗದಂತೆ ತೂಗುವ ನೆಲುವು, ಮೂಲೆಯಲ್ಲಿ ಕಣಜ, ಬೆಲೆಬಾಳುವುದಕ್ಕೆ ಮರದ ಪೆಟ್ಟಿಗೆ. ಹಿತ್ತಾಳೆಯ ಕೆಲಸವೆಲ್ಲ ಹೆಬ್ಬಾಗಿಲಿನ ಬಳೆ, ಚಿಲಕ, ದೇವರ ಮನೆಯ ಗಂಟೆಗಳಿಗೆ ಮೀಸಲು. ಕೆಳಗೆ ಸಾಲಾಗಿ ಡ್ರಾಯರು, ಮೇಲೆ ಸಾಲಾಗಿ ಶಟರು ಇರುವ ಅಡುಗೆಮನೆ ಯುರೋಪಿನಿಂದ ಬಂದದ್ದು. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ರೂಪಿಸಿದ ಅಡುಗೆಮನೆಯನ್ನೇ ಈ ವಂಶದ ಹಿರಿಯಳೆಂದು ಹೇಳುವುದು ವಾಡಿಕೆ. ಅದರಲ್ಲಿ ಅಕ್ಕಿ, ಸಕ್ಕರೆಯಂಥವಕ್ಕೆ ಸಣ್ಣ ಅಲ್ಯೂಮಿನಿಯಂ ಡ್ರಾಯರುಗಳಿದ್ದವು. ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿಯಲ್ಲಿ ಸುರಿಯಲು ಬಾಯಿ. ಹೊರಗೆಳೆದು ಹಾಗೇ ಪಾತ್ರೆಗೆ ಬಗ್ಗಿಸಬಹುದು. ಅಲ್ಲಿ ಹಿಡಿಕೆ ಒಡವೆಯಾಗಿರಲಿಲ್ಲ, ಸಲಕರಣೆಯಾಗಿತ್ತು.

ಸುತ್ತಿಗೆ ಗುರುತಿನ ಮೋಹ ಅದಕ್ಕಿಂತಲೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಮಾಲಿಗೆ ಬೇಸತ್ತ ಕೆಲವರು ಕೈಕಸುಬಿಗೆ ಮರಳಬೇಕೆಂದು ಹೊರಟರು. ಅವರಲ್ಲೊಬ್ಬ ಸಿ. ಆರ್. ಆಶ್‌ಬೀ. 1888ರಲ್ಲಿ ಲಂಡನ್ನಿನ ಬಡವರ ಬಡಾವಣೆಯಲ್ಲಿ 'ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್' ಎಂಬ ಕುಶಲಕರ್ಮಿಗಳ ಕೂಟ ಕಟ್ಟಿದ. ಅವರು ಬಡಿದ ಬೆಳ್ಳಿಯ ಬಟ್ಟಲುಗಳ ಮೇಲೆ ಸುತ್ತಿಗೆಯ ಗುರುತನ್ನು ಉಜ್ಜಿ ಅಳಿಸದೆ ಹಾಗೇ ಬಿಟ್ಟರು. ಕೈಯಿಂದ ಆದದ್ದು ಕೈಯಿಂದ ಆದದ್ದೆಂದೇ ಕಾಣಲಿ ಎಂಬ ಹಟ. ಆ ನೋಟ ಜನಪ್ರಿಯವಾಯಿತು. 1899ರಲ್ಲಿ ಲಂಡನ್ನಿನ ಹೆಸರಾಂತ ಲಿಬರ್ಟಿ ಮಳಿಗೆ 'ಸಿಮ್ರಿಕ್' ಎಂಬ ಬೆಳ್ಳಿ ಸಾಮಾನಿನ ಸಾಲನ್ನು ಮಾರಾಟಕ್ಕಿಟ್ಟಿತು. ಬಹುಪಾಲು ಬರ್ಮಿಂಗ್‌ಹ್ಯಾಮಿನಲ್ಲಿ ಯಂತ್ರದ ನೆರವಿನಿಂದ ತಯಾರಾದ ಮಾಲು, ಮೇಲ್ಮೈ ಮಾತ್ರ ಸುತ್ತಿಗೆಯಿಂದ ಬಡಿದಂತೆ. ಬೆಲೆಯೂ ಕಡಿಮೆ. ಆಶ್‌ಬೀಯ ಕೂಟ 1907-08ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಲಿಬರ್ಟಿಯ ಮೇಲೆ ಅವನಿಗೆ ಸಿಟ್ಟಿತ್ತು. ನಮಗೆ ಇದರಲ್ಲಿ ಒಂದು ದೂರದ ನಂಟೂ ಉಂಟು. ಆಶ್‌ಬೀಯ ಮುದ್ರಣಾಲಯದ ಯಂತ್ರದಲ್ಲೇ ಕಲಾಚಿಂತಕ ಆನಂದ ಕುಮಾರಸ್ವಾಮಿ ಸಿಂಹಳದ ಮಧ್ಯಯುಗೀನ ಕಲೆಯ ಬಗೆಗಿನ ತಮ್ಮ ದೊಡ್ಡ ಪುಸ್ತಕವನ್ನು 1908ರಲ್ಲಿ ಅಚ್ಚು ಹಾಕಿಸಿದ್ದು.

ಅಂದರೆ ಅಚ್ಚಿನಲ್ಲಿ ಮೂಡಿದ ಸುತ್ತಿಗೆ ಗುರುತಿಗೆ ನೂರಿಪ್ಪತ್ತು ವರ್ಷದ ಇತಿಹಾಸವಿದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲೋ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೋ ಅದು ಕಂಡರೆ ಆಶ್ಚರ್ಯಪಡಬೇಕಿಲ್ಲ, ಗುರುತಿಸಲು ಕಲಿತರೆ ಸಾಕು.

ಒಂದೇ ಮಾದರಿಯ ಎರಡು ಹಿಡಿಕೆ ತೆಗೆದುಕೊಂಡು ಬೆಳಕಿಗೆ ಪಕ್ಕಪಕ್ಕ ಹಿಡಿಯಿರಿ. ಎಡತುದಿಯ ಮೂರನೆಯ ಗುಳಿ ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಆಳದಲ್ಲಿ ಇದೆಯೇ? ಇದ್ದರೆ ಅದನ್ನು ಸುತ್ತಿಗೆ ಮಾಡಿದ್ದಲ್ಲ. ಯಾವ ಕಮ್ಮಾರನೂ ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಡಿಯಲಾರ. ಆಮೇಲೆ ಹಿಂಭಾಗ ತಿರುಗಿಸಿ ನೋಡಿ. ಉದ್ದಕ್ಕೂ ಒಂದು ಸಣ್ಣ ಗೆರೆ ಓಡಿದ್ದರೆ ಅದು ಅಚ್ಚಿನ ಎರಡು ಹೋಳು ಸೇರಿದ ಜಾಗ. ಕೊನೆಗೆ ಸ್ಕ್ರೂ ಕೂರುವ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಹೊರಗಿನ ಬಣ್ಣ ಏನೇ ಇರಲಿ, ಮರೆ ಕೊರೆದ ಜಾಗದಲ್ಲಿ ಲೋಹದ ನಿಜಬಣ್ಣ ಬಯಲಾಗುತ್ತದೆ. ಅಲ್ಲಿ ಹಳದಿ ಕಂಡರೆ ಹಿತ್ತಾಳೆ. ಬೂದುಬಿಳಿ ಕಂಡರೆ ಸತುವಿನ ಮಿಶ್ರಲೋಹವೋ ಅಲ್ಯೂಮಿನಿಯಮ್ಮೋ ಇರಬೇಕು. ಇವೆರಡರಲ್ಲಿ ಯಾವುದು ಎಂಬುದನ್ನು ಅಂಗೈ ಹೇಳುತ್ತದೆ: ಅಲ್ಯೂಮಿನಿಯಂ ತುಂಡೊಂದು ನೂರು ಗ್ರಾಂ ತೂಗಿದರೆ ಅದೇ ಗಾತ್ರದ ಸತುವಿನದು ಸುಮಾರು 245 ಗ್ರಾಂ, ಗಟ್ಟಿ ಹಿತ್ತಾಳೆಯದು 315 ಗ್ರಾಂ ತೂಗುತ್ತದೆ. ಕೆಲವು ಅಂಗಡಿಯವರು ಅಯಸ್ಕಾಂತ ತಂದು, "ನೋಡಿ, ಅಂಟಲ್ಲ, ಅಸಲಿ ಹಿತ್ತಾಳೆ" ಎಂದು ತೋರಿಸುತ್ತಾರೆ. ಸತುವಿಗೂ ಅಯಸ್ಕಾಂತ ಅಂಟುವುದಿಲ್ಲ! ಆ ಪರೀಕ್ಷೆಯಿಂದ ತಿಳಿಯುವುದು ಅದು ಕಬ್ಬಿಣವಲ್ಲ ಎಂಬುದಷ್ಟೇ.

ಸತು ಯಾಕೆ ಇಷ್ಟು ಬಳಕೆಯಲ್ಲಿದೆ ಎಂಬುದಕ್ಕೆ ಕಾರಣ ಶಾಖ. ಸುಮಾರು ಶೇಕಡಾ 4ರಷ್ಟು ಅಲ್ಯೂಮಿನಿಯಂ ಬೆರೆಸಿದ ಸತು 390 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗಿ ನೀರಾಗುತ್ತದೆ. ಅಷ್ಟು ಬಿಸಿಯನ್ನು ಉಕ್ಕಿನ ಅಚ್ಚು ಲಕ್ಷಗಟ್ಟಲೆ ಸಲ ತಡೆಯಬಲ್ಲದು. ಹಿತ್ತಾಳೆ ಕರಗಬೇಕಾದರೆ 900 ಡಿಗ್ರಿ ದಾಟಬೇಕು. ಹಾಗಾಗಿ ಅಲಿಗಢ, ಮೊರಾದಾಬಾದ್‌ನಂಥ ಊರುಗಳಲ್ಲಿ ಇಂದಿಗೂ ಹಿತ್ತಾಳೆಯ ಎರಕ ಹೆಚ್ಚಾಗಿ ಮರಳಿನಲ್ಲೇ ನಡೆಯುತ್ತದೆ. ಮಾದರಿಯನ್ನು ಒದ್ದೆ ಮರಳಿಗೆ ಒತ್ತಿ, ತೆಗೆದು, ಉಳಿದ ಹಳ್ಳಕ್ಕೆ ಕಾಯಿಸಿದ ಲೋಹ ಹೊಯ್ದು, ಆರಿದ ಮೇಲೆ ಮರಳು ಒಡೆದು, ಅರದಿಂದ ಉಜ್ಜಿ, ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಾರೆ. ಪ್ರತಿ ಎರಕಕ್ಕೂ ಹೊಸದಾಗಿ ಮರಳು ಕಟ್ಟಬೇಕು. ಇಲ್ಲಿ ಸುತ್ತಿಗೆ ಇಲ್ಲದಿರಬಹುದು, ಕೈಕೆಲಸ ಮಾತ್ರ ಬೇಕಾದಷ್ಟಿದೆ. ಅರ ಹಿಡಿದವನ ಕೈ ಒಂದು ಅಂಚಿನಲ್ಲಿ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ ಓಡಿರುತ್ತದೆ. ನನ್ನ ಮಟ್ಟಿಗೆ ಮೇಲೆ ಬೇಕೆಂದೇ ಮೂಡಿಸಿದ ಗುಳಿಗಳಿಗಿಂತ ಇಂಥ ಸಣ್ಣ ಓರೆಕೋರೆಯೇ ಹೆಚ್ಚು ಮಾತಾಡುತ್ತದೆ.

ಅಚ್ಚಿನಲ್ಲಿ ಮಾಡಿದ್ದೆಲ್ಲ ಕೆಟ್ಟದ್ದೆಂದು ಹೇಳುತ್ತಿಲ್ಲ. ಒಳ್ಳೆಯ ಕಂಪನಿಯ ಸತುವಿನ ಹಿಡಿಕೆ ಸಸೂತ್ರವಾಗಿ ಹದಿನೈದು ವರ್ಷ ಬಾಳಬಹುದು. ಅಚ್ಚಿನ ಮಾಲಿಗೆ ಕೈಕೆಲಸದ ಬೆಲೆ ತೆರಬಾರದು, ಅಷ್ಟೇ. ಅದಕ್ಕಿಂತ ಮುಖ್ಯ, ಅಡುಗೆಮನೆಯ ಎಲ್ಲ ಕಪಾಟಿಗೂ ಕೈಕೆಲಸದ ಹಿಡಿಕೆ ಬೇಕೆಂಬ ಹಟ ಬಿಡಬೇಕು. ನಮ್ಮ ಅಡುಗೆಮನೆ ಆ ಹಟಕ್ಕೆ ಒಗ್ಗುವುದಿಲ್ಲ.

ಯಾಕೆಂದರೆ ಇದು ಒಗ್ಗರಣೆಯ ದೇಶ. ಸಾಸಿವೆ ಸಿಡಿದಾಗೆಲ್ಲ ಕಣ್ಣಿಗೆ ಕಾಣದ ಎಣ್ಣೆ ಹನಿಗಳು ಮೇಲೆದ್ದು ಒಲೆಯ ಸುತ್ತ ಕೂರುತ್ತವೆ. ಚಿಮಣಿ ಇದ್ದರೂ ಪೂರ್ತಿ ತಪ್ಪುವುದಿಲ್ಲ. ಕೂತ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ದಿನ ಕಳೆದಂತೆ ಅಂಟಾಗುತ್ತದೆ, ಅದರ ಮೇಲೆ ಹಿಟ್ಟಿನ ಧೂಳು ಕೂತು ಗಟ್ಟಿಯಾಗುತ್ತದೆ. ನುಣುಪಾದ ಸ್ಟೀಲ್ ಹಿಡಿಕೆಯಾದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ಅದ್ದಿದ ಬಟ್ಟೆ ಒಂದೇ ಎಳೆತಕ್ಕೆ ಒರೆಸಿಬಿಡುತ್ತದೆ. ಹೂಬಳ್ಳಿ ಕೆತ್ತಿದ, ಗುಳಿ ಬಿದ್ದ, ಹಗ್ಗದಂತೆ ಹೊಸೆದ ಹಿಡಿಕೆಯ ಸಂದಿಗಳಲ್ಲಿ ಅದೇ ಜಿಡ್ಡು ಹಳೆಯ ಹಲ್ಲುಜ್ಜುವ ಬ್ರಷ್ಷಿಗೂ ಬಗ್ಗುವುದಿಲ್ಲ. ಒಲೆಯ ಎರಡೂ ಬದಿ, ಒಲೆಯ ಕೆಳಗಿನ ಡ್ರಾಯರು, ಚಿಮಣಿಯ ಪಕ್ಕದ ಮೇಲಿನ ಶಟರು ಇವಿಷ್ಟಕ್ಕೆ ನುಣುಪಾದ, ಸಾದಾ ಹಿಡಿಕೆಯೇ ಸರಿ. ಕುಸುರಿ ಕೆಲಸದ ಆಸೆಯಿದ್ದರೆ ಪಿಂಗಾಣಿ ಸಾಮಾನಿನ ಕಪಾಟು, ದಿನಸಿಯ ಎತ್ತರದ ಕಪಾಟು, ಊಟದ ಮೇಜಿನ ಕಡೆ ಮುಖಮಾಡಿದ ಶಟರುಗಳಿವೆ. ಬಣ್ಣ ಒಂದೇ ಇಟ್ಟು ಆಕಾರ ಬೇರೆ ಮಾಡಿದರೆ ಕಣ್ಣಿಗೆ ಹೊಂದುತ್ತದೆ. ಎಲ್ಲ ಒಂದೇ ಥರ ಇರಲೇಬೇಕೆಂಬುದು ಕ್ಯಾಟಲಾಗಿನವರ ಕಾನೂನು.

ನೀರಿನದು ಇನ್ನೊಂದು ಕಥೆ. ಸಿಂಕಿನ ಕೆಳಗಿನ ಶಟರನ್ನು ನಾವು ತೆರೆಯುವುದೇ ಒದ್ದೆ ಕೈಯಲ್ಲಿ. ಬಡಿದ ಕಬ್ಬಿಣದ ಕಪ್ಪು ಹಿಡಿಕೆ ನೋಡಲು ಬಲು ಚೆಂದ, ಮೇಣವೋ ಎಣ್ಣೆಯೋ ಹಚ್ಚಿಟ್ಟರೆ ಬೆಂಗಳೂರು, ಮೈಸೂರಿನ ಹವೆಯಲ್ಲಿ ಬಾಳುತ್ತದೆ. ಆದರೆ ಸಿಂಕಿನ ಹತ್ತಿರ ಬೇಡ. ಮಂಗಳೂರು, ಉಡುಪಿ, ಕಾರವಾರದ ಕಡೆಯಾದರೆ ಇಡೀ ಅಡುಗೆಮನೆಗೇ ಬೇಡ. ಉಪ್ಪುಗಾಳಿಯ ಜೊತೆ ನಾಲ್ಕು ತಿಂಗಳ ಮಳೆ ಸೇರಿದರೆ ಬಣ್ಣ ಒಂದು ಕಡೆ ಚಕ್ಕೆ ಎದ್ದರೂ ಸಾಕು, ಅಲ್ಲಿಂದ ತುಕ್ಕು ಹೊರಟು ಲ್ಯಾಮಿನೇಟಿನ ಮೇಲೆ ಕೆಂಪು ಗೆರೆ ಇಳಿಯುತ್ತದೆ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಟ್ಟಿ ಹಿತ್ತಾಳೆ. ಸ್ಕ್ರೂ ಕೂಡ ಸ್ಟೇನ್‌ಲೆಸ್ಸೇ ಇರಲಿ, ಹಿಡಿಕೆ ಚೆನ್ನಾಗಿದ್ದು ಒಳಗಿನ ಸ್ಕ್ರೂ ತುಕ್ಕು ಹಿಡಿಯುವುದು ಕರಾವಳಿಯಲ್ಲಿ ಮಾಮೂಲು.

ಹಿತ್ತಾಳೆ ಎಂದ ಮೇಲೆ ಒಂದು ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು: ಹೊಳಪು ಬೇಕೋ, ಮಾಸಲು ಬಣ್ಣ ಬೇಕೋ? ಅಂಗಡಿಯಲ್ಲಿ ಮಿರುಗುವ ಹಿತ್ತಾಳೆಯ ಮೇಲೆ ಬಹುಮಟ್ಟಿಗೆ ತೆಳುವಾದ ಲ್ಯಾಕರ್ ಪದರ ಇರುತ್ತದೆ. ಅದು ಇರುವಷ್ಟು ದಿನ ಗಾಳಿ ತಾಗದು, ಬಣ್ಣ ಕೆಡದು. ನವರಾತ್ರಿಗೆ ದೀಪ ಬೆಳಗುವ ಉತ್ಸಾಹದಲ್ಲಿ ಯಾರಾದರೂ ಹುಣಸೆಹಣ್ಣು, ಪೀತಾಂಬರಿ ಪುಡಿ ತಂದು ಇದನ್ನೂ ತಿಕ್ಕಿಬಿಟ್ಟರೆ ಮುಗಿಯಿತು. ಪುಡಿಯ ತರಿ ಲ್ಯಾಕರನ್ನು ಗೀರುತ್ತದೆ, ಗೀರಿದಲ್ಲಿ ಮಾತ್ರ ಲೋಹ ಕಪ್ಪಾಗುತ್ತದೆ, ಉಳಿದದ್ದು ಹೊಳೆಯುತ್ತಲೇ ಇರುತ್ತದೆ. ತೇಪೆ ತೇಪೆಯಾಗಿ ಕಾಣುತ್ತದೆ. ಲ್ಯಾಕರ್ ಹಚ್ಚದ ಹಿತ್ತಾಳೆಯ ದಾರಿಯೇ ಬೇರೆ. ಕೆಲವು ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಹೆಚ್ಚು ಮುಟ್ಟುವ ಜಾಗ ಬೆರಳುಗಳ ಒರಸಾಟಕ್ಕೆ ತಾನೇ ತಿಳಿಯಾಗಿ ಉಳಿಯುತ್ತದೆ. ಬೇಕಾದಾಗ ಹುಣಸೆಹಣ್ಣಿನಲ್ಲಿ ತಿಕ್ಕಬಹುದು, ಹುಣಸೆಯ ಟಾರ್ಟಾರಿಕ್ ಆಮ್ಲ ಕಂದು ಪೊರೆಯನ್ನು ಕರಗಿಸುತ್ತದೆ. ಆದರೆ ಹಿಡಿಕೆಯನ್ನು ಬಿಚ್ಚಿ ತೆಗೆದೇ ತಿಕ್ಕಬೇಕು, ಇಲ್ಲವಾದರೆ ಪಕ್ಕದ ಪಾಲಿಶ್ ಕೆಡುತ್ತದೆ. ಇಪ್ಪತ್ತೈದು ಹಿಡಿಕೆ ಬಿಚ್ಚಿ, ತಿಕ್ಕಿ, ಮತ್ತೆ ಹಾಕುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂದು ಆರಿಸುವ ಗಂಡಸರು ಒಂದು ಕ್ಷಣ ಯೋಚಿಸುವುದು ಒಳ್ಳೆಯದು. ಕಂದು ಬಣ್ಣವನ್ನು ಮೆಚ್ಚಬಲ್ಲವರಿಗೆ ಲ್ಯಾಕರ್ ಇಲ್ಲದ್ದು. ಹೊಳಪೂ ಬೇಕು, ತಿಕ್ಕುವ ಕೆಲಸವೂ ಬೇಡ ಎನ್ನುವವರು ಪಿವಿಡಿ ಲೇಪನದ್ದನ್ನು ಕೇಳಬೇಕು. ನಿರ್ವಾತದಲ್ಲಿ ಲೋಹದ ಆವಿಯನ್ನು ಮೇಲ್ಮೈಗೆ ಕೂರಿಸುವ ಈ ಲೇಪನ ಸಾಮಾನ್ಯ ಲ್ಯಾಕರ್‌ಗಿಂತ ಬಹಳ ಗಟ್ಟಿ, ಬೆಲೆಯೂ ಜಾಸ್ತಿ.

"ಹಿತ್ತಾಳೆ ಕ್ರಿಮಿ ಕೊಲ್ಲುತ್ತೆ" ಎಂಬ ಮಾರಾಟದ ಮಾತೂ ಕಿವಿಗೆ ಬೀಳುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ತಾಮ್ರ ಹೆಚ್ಚಿರುವ ಹಲವು ಮಿಶ್ರಲೋಹಗಳನ್ನು ಬ್ಯಾಕ್ಟೀರಿಯಾ ನಾಶಕ ಎಂದು ನೋಂದಾಯಿಸಿತು. ಆದರೆ ಅದಕ್ಕೆ ಗಂಟೆಗಳ ಕಾಲಾವಕಾಶ ಬೇಕು, ಮೇಲ್ಮೈಗೆ ಯಾವ ಲೇಪನವೂ ಇರಕೂಡದು, ಎಂದಿನಂತೆ ಒರೆಸುವುದನ್ನೂ ಬಿಡಕೂಡದು. ಲ್ಯಾಕರ್ ಹಚ್ಚಿದ ಹಿಡಿಕೆಯನ್ನು ಈ ಮಾತು ಹೇಳಿ ಮಾರಿದರೆ ನಕ್ಕು ಮುಂದೆ ಹೋಗಿ.

ಇನ್ನು ಆಕಾರ. ಹಗುರವಾದ ಶಟರಿಗೆ ನಾಬ್ ಸಾಕು, ಬೆರಳ ತುದಿಯ ಬಲ ಸಾಕಾಗುತ್ತದೆ. ಕುಕ್ಕರು, ಬಾಣಲೆ, ಇಡ್ಲಿ ಪಾತ್ರೆ ತುಂಬಿದ ಡ್ರಾಯರನ್ನು ನಾಬಿನಿಂದ ಎಳೆಯುವುದು ಹಿಂಸೆ. ಅದರಲ್ಲೂ ಬೆರಳ ಗಂಟುಗಳಲ್ಲಿ ನೋವಿರುವ ಹಿರಿಯರಿಗೆ, ಕೈಗೆ ಎಣ್ಣೆ ತಾಗಿದ್ದಾಗ ಯಾರಿಗಾದರೂ. ಡ್ರಾಯರಿಗೆ ನಾಲ್ಕೂ ಬೆರಳು ಒಳಹೋಗುವ ಹಿಡಿಕೆ ಬೇಕು, ಹಲಗೆಗೂ ಹಿಡಿಕೆಗೂ ನಡುವೆ ಒಂದು ಇಂಚಿನಷ್ಟಾದರೂ ಸಂದು ಬೇಕು. ಅಗಲದ ಡ್ರಾಯರಿಗೆ ಎರಡು ಸಣ್ಣವಕ್ಕಿಂತ ಒಂದು ಉದ್ದನೆಯದೇ ಮೇಲು, ಇನ್ನೊಂದು ಕೈಯಲ್ಲಿ ಸೌಟು ಇರುತ್ತದಲ್ಲ. ಅರ್ಧ ಬಟ್ಟಲನ್ನು ಬೋರಲು ಹಾಕಿದಂಥ ಕಪ್ ಹಿಡಿಕೆ ಈಗ ಮತ್ತೆ ಫ್ಯಾಷನ್ನಿಗೆ ಬಂದಿದೆ. ಡ್ರಾಯರಿಗೆ ಹಿತವಾಗಿದೆ, ಆದರೆ ಅದರ ಒಳಮೈ ಯಾರ ಕಣ್ಣಿಗೂ ಬೀಳದ್ದರಿಂದ ಹಿಟ್ಟಿನ ಕೈಯ ಲೆಕ್ಕವೆಲ್ಲ ಅಲ್ಲೇ ಜಮೆಯಾಗುತ್ತದೆ.

ಕ್ಯಾಟಲಾಗುಗಳಲ್ಲಿ ಎಲ್ಲೂ ಬರೆಯದ, ನಮ್ಮ ಹೆಂಗಸರೆಲ್ಲರಿಗೂ ಗೊತ್ತಿರುವ ಸಂಗತಿ ಸೆರಗು. ಎರಡೂ ತುದಿ ಚಾಚಿಕೊಂಡ ಸರಳಿನಂಥ ಹಿಡಿಕೆಗೆ ಸೆರಗು, ವೇಲು, ನೈಟಿಯ ಜೇಬು ಸಿಕ್ಕಿಕೊಳ್ಳುತ್ತವೆ. ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಇದ್ದಾಗ ಇದು ತಮಾಷೆಯ ವಿಷಯವಲ್ಲ. ತುದಿಗಳು ಬಾಗಿ ಶಟರಿಗೇ ಸೇರುವ ಹಿಡಿಕೆ ಇದಕ್ಕೆ ಮದ್ದು. ಕೈಕೆಲಸದ ಮಾಲಿನಲ್ಲಿ ಇನ್ನೊಂದು ಎಚ್ಚರ ಬೇಕು: ಅರ ಸರಿಯಾಗಿ ಆಡದ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳು ಉಳಿದಿರುತ್ತದೆ. ಅಂಗಡಿಯಲ್ಲೇ ತೆಳು ಹತ್ತಿಬಟ್ಟೆಯನ್ನು, ಕರವಸ್ತ್ರವಾದರೂ ಸರಿ, ಹಿಡಿಕೆಯ ಒಳಬದಿಗೆ ಹಾಕಿ ಎಳೆದು ನೋಡಿ. ನೂಲು ಎದ್ದರೆ ನಾಳೆ ಸೀರೆಯೂ ಏಳುತ್ತದೆ. ಕೈಗೆ ಬಳೆ ತೊಡುವವರು ಬಳೆಯ ಕೈಯಲ್ಲೇ ಹಿಡಿದು ನೋಡಬೇಕು.

ಕೈಕೆಲಸವೇ ಬೇಕು ಎಂದಾದರೆ ಮೊರಾದಾಬಾದಿನವರೆಗೆ ಹೋಗಬೇಕೇ? ಚನ್ನಪಟ್ಟಣದ ಕುಶಲಕರ್ಮಿಗಳು ಗೊಂಬೆಯ ಜೊತೆ ಡ್ರಾಯರ್ ನಾಬುಗಳನ್ನೂ ಕಡೆಯುತ್ತಾರೆ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಹೀಗೆ ಬಿಸಿಗೆ ಅಂಟಿದ್ದು ಬಿಸಿಗೇ ಮೆತ್ತಗಾಗುತ್ತದೆ ಎಂಬುದನ್ನು ನೆನಪಿಟ್ಟರೆ ಅದನ್ನು ಎಲ್ಲಿ ಹಾಕಬಾರದೆಂದು ಯಾರೂ ಹೇಳಿಕೊಡಬೇಕಿಲ್ಲ. ಒಲೆಯಿಂದ ದೂರ, ಮಕ್ಕಳ ತಿಂಡಿಯ ಕಪಾಟಿಗೆ ಇದಕ್ಕಿಂತ ಒಪ್ಪುವ ನಾಬು ಇಲ್ಲ. ಕೊಳ್ಳುವಾಗ ಮರದೊಳಗೆ ಲೋಹದ ನಟ್ ಕೂರಿಸಿದೆಯೇ ನೋಡಿ. ಬರೀ ಮರಕ್ಕೆ ಸ್ಕ್ರೂ ಹಾಕಿದ್ದರೆ ಎಳೆದೆಳೆದು ತೂತು ಸವೆದು ನಾಬು ಕೈಗೇ ಬರುತ್ತದೆ. ಬೀದರಿನ ಬಿದ್ರಿ ಕೆಲಸದ ನಾಬು ಇನ್ನೂ ನಾಜೂಕು. ತುಸು ತಾಮ್ರ ಬೆರೆಸಿದ ಸತುವಿನ ಎರಕ, ಅದರಲ್ಲಿ ಕೊರೆದು ಕೂರಿಸಿದ ಬೆಳ್ಳಿ, ಬೀದರ್ ಕೋಟೆಯ ಮಣ್ಣಿನಿಂದ ಬರಿಸಿದ ಕಪ್ಪು. ಆ ಕಪ್ಪು ಮೇಲ್ಮೈಯದಷ್ಟೇ, ಪಾತ್ರೆ ತಿಕ್ಕುವ ನಾರು ಅದರ ವೈರಿ. ಅದಕ್ಕೆ ಅಡುಗೆಮನೆ ತವರಲ್ಲ, ದೇವರ ಮನೆಯ ಕಪಾಟಿಗೋ ನಡುಮನೆಯ ಶೋಕೇಸಿಗೋ ಹಾಕಿ. ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ವಿಗ್ರಹಗಳಿಗೆ ಹೆಸರಾದ ಊರು. ಎರಕದ ಕೆಲಸ ಬಲ್ಲ ಇಂಥ ಕಡೆ ಮಾದರಿ ತೋರಿಸಿ ನಾಲ್ಕಾರು ಹಿಡಿಕೆ ಮಾಡಿಕೊಡುತ್ತೀರಾ ಎಂದು ಕೇಳಿ ನೋಡುವುದರಲ್ಲಿ ನಷ್ಟವೇನಿಲ್ಲ.

ಜೈಪುರ, ಖುರ್ಜಾ ಕಡೆಯ ಬಣ್ಣದ ಪಿಂಗಾಣಿ ನಾಬುಗಳು ಅಗ್ಗ, ಚೆಂದ. ನಡುವಿನ ಬೋಲ್ಟನ್ನು ಒಳಗಿನಿಂದ ನಟ್ ಹಾಕಿ ಬಿಗಿಯುತ್ತಾರೆ. ಬಡಗಿ ಭುಜಬಲ ತೋರಿಸಿದರೆ ಪಿಂಗಾಣಿ ಸೀಳುತ್ತದೆ. ರಬ್ಬರ್ ವಾಷರ್ ಒಂದು ಹಾಕಿಸಿ, ಒಳಗೆ ಚಾಚಿದ ಬೋಲ್ಟಿನ ತುದಿಯನ್ನು ಕತ್ತರಿಸಿ ಉಜ್ಜಿಸಿ.

ಕಡೆಗೆ ಅಳತೆ. ಕಾರ್ಖಾನೆಯ ಹಿಡಿಕೆಗಳಲ್ಲಿ ಎರಡು ತೂತುಗಳ ನಡುಬಿಂದುಗಳ ಅಂತರ ಹೆಚ್ಚಾಗಿ 96, 128, 160, 192 ಮಿಲಿಮೀಟರ್, ಹೀಗೆ 32ರ ಮಗ್ಗಿಯಲ್ಲೇ ಇರುತ್ತದೆ. ಇದರಲ್ಲಿ ಒಂದನ್ನು ಆರಿಸಿಕೊಂಡರೆ ಹತ್ತು ವರ್ಷದ ಮೇಲೆ ಹಿಡಿಕೆ ಬದಲಿಸಬೇಕೆನಿಸಿದಾಗ ಹಳೆಯ ತೂತುಗಳೇ ಸಾಕು. ಕೈಯಲ್ಲಿ ಮಾಡಿದ್ದು ಈ ಮಗ್ಗಿಗೆ ಕಟ್ಟುಬೀಳುವುದಿಲ್ಲ. ಹಿತ್ತಾಳೆ ಆರುವಾಗ ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ, ತೂತು ಕೊರೆದವನ ಕೈಯೂ ಅಷ್ಟಿಷ್ಟು ಸರಿದಿರುತ್ತದೆ, ಒಂದರಲ್ಲಿ 128 ಇದ್ದದ್ದು ಇನ್ನೊಂದರಲ್ಲಿ 126 ಆದರೆ ದೂರುವಂತಿಲ್ಲ. ಹಾಗಾಗಿ ಎಲ್ಲ ಶಟರಿಗೂ ಒಂದೇ ಪಟ್ಟಿಯಿಟ್ಟು ತೂತು ಹೊಡೆಯುವ ಬಡಗಿಯನ್ನು ಮೊದಲೇ ತಡೆಯಿರಿ. ಪ್ರತಿ ಹಿಡಿಕೆಗೂ ಪೆನ್ಸಿಲ್ಲಿನಲ್ಲಿ ನಂಬರು ಹಾಕಿ, ಅಳೆದು, ಯಾವುದು ಯಾವ ಶಟರಿಗೆ ಎಂದು ಗೊತ್ತುಮಾಡಿ ಆಮೇಲೆ ಡ್ರಿಲ್ ಕೈಗೆ ಕೊಡಿ. ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿಗೆ ಎರಡು ಬದಿಯ ಲ್ಯಾಮಿನೇಟ್ ಸೇರಿದರೆ ದಪ್ಪ ಇಪ್ಪತ್ತರ ಹತ್ತಿರ ಬರುತ್ತದೆ, ಡ್ರಾಯರಿನಲ್ಲಿ ಎರಡು ಹಲಗೆ ಕೂಡಿದ್ದರೆ ಅದರ ಎರಡರಷ್ಟು. ಪೆಟ್ಟಿಗೆಯಲ್ಲಿ ಬರುವ ಸ್ಕ್ರೂ ಎರಡಕ್ಕೂ ಆಗುವುದಿಲ್ಲ. ಮೂಲೆಯಲ್ಲಿ ಎರಡು ಸಾಲು ಕಪಾಟು ಸೇರುವ ಕಡೆ ಡ್ರಾಯರು ಹೊರಬರುವಾಗ ಪಕ್ಕದ ಹಿಡಿಕೆಗೆ ಡಿಕ್ಕಿ ಹೊಡೆಯುತ್ತದೋ ನೋಡಿಕೊಳ್ಳಿ, ಉಬ್ಬಿದ ಹಿಡಿಕೆಗಳಲ್ಲಿ ಇದು ಆಗೇ ಆಗುತ್ತದೆ. ಎರಡು ಹಿಡಿಕೆ ಹೆಚ್ಚಿಗೆ ಕೊಂಡಿಡಿ, ಮುಂದಿನ ಎರಕದ ಬಣ್ಣ ಇದಕ್ಕೆ ಹೊಂದುವುದಿಲ್ಲ. ಮತ್ತೆ, ಮೊದಲ ತೂತನ್ನು ಸಿಂಕಿನ ಕೆಳಗಿನ ಶಟರಿಗೇ ಹೊಡೆಸಿ. ಕೂದಲೆಳೆ ಓರೆಯಾದರೂ ಅಲ್ಲಿ ಯಾವ ನೆಂಟರೂ ಬಗ್ಗಿ ನೋಡುವುದಿಲ್ಲ.